ಗುರುತಿಲ್ಲದ ಊರಲ್ಲಿ ಗಾಜಿನ ಲೋಟ

ದಸರಾ ರಜ ಬಂತು ಅಂದ್ರೆ ಹಾಸ್ಟೆಲಿನ ಅಡುಗೆಮನೆಗೆ ಬೀಗ ಬೀಳುತ್ತೆ. ಕೈಯಲ್ಲಿ ನಾಲ್ಕು ಕಾಸು ಇದ್ದವರು ಟೂರು ಹೊರಡುತ್ತಾರೆ, ಇಲ್ಲದವರು ಊರಿಗೆ ಹೊರಡುತ್ತಾರೆ. ಮಳೆ ಹಿಂದೆ ಸರಿದು, ಹೊಲದಲ್ಲಿ ರಾಗಿ ತೆನೆ ಕಟ್ಟುವ ಕಾಲ. ಪತ್ರಿಕೆಗಳಲ್ಲಿ ಎಲ್ಲಿಗೆ ಹೋಗಬೇಕು, ಎಲ್ಲಿ ಏನು ತಿನ್ನಬೇಕು ಅಂತ ಬರೆಯುವವರಿಗೂ ಇದೇ ಸುಗ್ಗಿ. ಬಿಡದಿಯಲ್ಲಿ ಇಳಿದು ತಟ್ಟೆ ಇಡ್ಲಿ ತಿನ್ನಿ, ಮದ್ದೂರಿನಲ್ಲಿ ವಡೆ ತಿನ್ನಿ, ಹಳ್ಳಿ ಹೋಟೆಲಿನ ಮುದ್ದೆ ಬಸ್ಸಾರಿನ ರುಚಿ ನೋಡಿ, ಸಣ್ಣ ಊರಿನ ಹೋಟೆಲಿನ ಯಜಮಾನ ಮನೆಗೆ ಬಂದ ನೆಂಟರ ಹಾಗೆ ಉಪಚಾರ ಮಾಡುತ್ತಾನೆ ಅಂತೆಲ್ಲ ಬರೆಯುತ್ತಾರೆ. ಓದಿದರೆ ಬಾಯಲ್ಲಿ ನೀರೂರುತ್ತೆ.

ಇವರು ಸುಳ್ಳು ಬರೆಯುತ್ತಾರೆ ಅಂತ ನಾನು ಹೇಳೋದಿಲ್ಲ. ಇಡ್ಲಿ ಮೆತ್ತಗಿರೋದು ನಿಜ, ವಡೆ ಗರಿಗರಿ ಇರೋದು ನಿಜ, ಯಜಮಾನ ನಗೋದೂ ನಿಜ. ಆದರೆ ಮೂರು ವಿಷಯ ಇವರು ಯಾರೂ ಬರೆಯೋದಿಲ್ಲ. ಎಲ್ಲಿ ಕೂತರು? ಯಾವ ಲೋಟದಲ್ಲಿ ಕುಡಿದರು? ತಿಂದ ತಟ್ಟೆ ಯಾರು ತೊಳೆದರು? ಅದನ್ನು ಬರೆಯುವ ಅಗತ್ಯ ಅವರಿಗೆ ಬಿದ್ದಿಲ್ಲ. ನಮಗೆ ಬಿದ್ದಿದೆ. ಆದ್ದರಿಂದ ನಾವು ಬರೆಯೋಣ.

ಹೋದ ದಸರಾ ರಜದಲ್ಲಿ ನಮ್ಮ ಹಾಸ್ಟೆಲಿನ ಆರು ಜನ ಹುಡುಗರು ಹಳೇಬೀಡು ಬೇಲೂರು ನೋಡಿ ಬರೋಣ ಅಂತ ಹೊರಟೆವು. ವಿದ್ಯಾರ್ಥಿವೇತನದಲ್ಲಿ ಉಳಿಸಿಟ್ಟಿದ್ದ ದುಡ್ಡು. ದಾರಿಯಲ್ಲಿ ಒಂದು ಸಣ್ಣ ಪೇಟೆ, ಬಸ್ ಸ್ಟ್ಯಾಂಡಿನ ಎದುರಿಗೆ ಹೆಂಚಿನ ಹೋಟೆಲು. ಬಾಗಿಲಲ್ಲಿ ನಿಂತಿದ್ದ ಯಜಮಾನರು "ಬನ್ನಿ ಸಾರ್, ಒಳಗೆ ಫ್ಯಾನಿನ ಕೆಳಗೆ ಕೂತ್ಕೊಳ್ಳಿ" ಅಂದರು. ಸಾರ್! ಹುಟ್ಟಿದಾಗಿನಿಂದ "ಲೇ" ಅನ್ನಿಸಿಕೊಂಡ ಕಿವಿಗೆ ಅದು ಎಷ್ಟು ಹಿತವಾಗಿ ಕೇಳುತ್ತೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಬಿಸಿ ಬಿಸಿ ದೋಸೆ ಬಂತು. ಚಟ್ನಿ ಮುಗಿಯೋದರೊಳಗೆ ಇನ್ನೊಂದು ಸೌಟು ಬಿತ್ತು. ಗಾಜಿನ ಲೋಟದಲ್ಲಿ ನೊರೆ ಕಾಫಿ. "ಯಾವ ಕಾಲೇಜು? ಇಂಜಿನಿಯರಿಂಗಾ?" ಅಂತ ವಿಚಾರಿಸಿದರು. ದುಡ್ಡು ಕೊಟ್ಟು ಹೊರಗೆ ಬರುವಾಗ ನಮ್ಮ ಎದೆ ಎರಡು ಇಂಚು ಉಬ್ಬಿತ್ತು. ಜಾತಿ ಗೀತಿ ಎಲ್ಲಾ ಹೋಯ್ತು ಕಣ್ರೋ, ಕಾಲ ಬದಲಾಯ್ತು ಅಂತ ನಮ್ಮಲ್ಲೊಬ್ಬ ಅಂದ. ಯಾರೂ ಅವನನ್ನು ತಿದ್ದಲಿಲ್ಲ.

ನಮ್ಮ ಆರು ಜನರಲ್ಲಿ ಒಬ್ಬ ಆ ಸೀಮೆಯವನು. ಮಾರನೇ ದಿನ ಅವನ ಮನೆಗೆ ಹೋಗಿ ಬರೋಣ ಅಂತಾಯಿತು. ಅವನ ಕೇರಿ ಇರೋದು ಹೋಬಳಿ ಊರಿನಿಂದ ಎರಡು ಮೈಲಿ. ಬಸ್ಸಿಳಿದಾಗ ಹೋಟೆಲು ಕಂಡಿತು. ಟೀ ಕುಡಿದು ನಡೆಯೋಣ ಅಂದೆವು. ಅವನು ಬೇಡ ಅಂದ. ಯಾಕೆ ಅಂದರೆ ಹೇಳಲಿಲ್ಲ. ನಾವು ಕೇಳಲಿಲ್ಲ, ನುಗ್ಗಿದೆವು. ಐದು ಜನ ಒಳಗೆ ಬೆಂಚಿನ ಮೇಲೆ ಕೂತೆವು. ಅವನು ಬಾಗಿಲ ಹೊರಗೇ ನಿಂತ. ಒಳಗೆ ಬಾರೋ ಅಂದರೆ "ಬಿಸಿಲು ಚೆನ್ನಾಗಿದೆ ಕಣ್ರೋ" ಅಂದ.

ಯಜಮಾನರು ಅವನನ್ನು ನೋಡಿದರು. "ಏನ್ಲಾ, ಯಾವಾಗ ಬಂದೆ? ನಿಮ್ಮಪ್ಪ ನೆನ್ನೆ ನಮ್ಮ ತೋಟದಲ್ಲೇ ಇದ್ದ" ಅಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಒಂಥರಾ ಪ್ರೀತಿಯೇ ಇತ್ತು. "ಈಗ್ಲೇ ಬಂದೆ ಯಜಮಾನ್ರೆ" ಅಂದ ನಮ್ಮ ಗೆಳೆಯ. ನಮ್ಮ ಹಾಸ್ಟೆಲಿನಲ್ಲಿ ವಾರ್ಡನ್ನಿಗೆ ಎದುರು ನಿಂತು ಕೊಳೆತ ತರಕಾರಿ ಪ್ರಶ್ನೆ ಮಾಡಿದ ಹುಡುಗ ಅವನು. ಆ ದನಿ ಎಲ್ಲಿ ಹೋಯಿತೋ.

ಟೀ ಬಂತು. ತಟ್ಟೆಯ ಮೇಲೆ ಐದು ಗಾಜಿನ ಲೋಟ, ಒಂದು ಪೇಪರ್ ಲೋಟ. ಗಾಜಿನವು ಒಳಗೆ ಬಂದವು, ಪೇಪರಿನದು ಬಾಗಿಲಿಗೆ ಹೋಯಿತು. ಆಮೇಲೆ ಯಜಮಾನರು ನಮ್ಮ ಕಡೆ ತಿರುಗಿದರು. "ನೀವೆಲ್ಲ ಅವನ ಜೊತೆಯವರಾ? ಒಂದೇ ಹಾಸ್ಟೆಲ್ಲಾ? ಯಾವ ಹಾಸ್ಟೆಲು?" ನಾವು ಮುಖ ಮುಖ ನೋಡಿಕೊಂಡೆವು. ಒಬ್ಬ ಹೇಳಿದ, ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲು ಅಂತ. "ಓಹೋ" ಅಂದರು ಅಷ್ಟೆ. ಇನ್ನೊಂದು ಸಲ ಟೀ ಹೇಳಿದೆವು. ಈ ಸಲ ಬಂದದ್ದು ಆರೂ ಪೇಪರ್ ಲೋಟ.

ಅದೇ ಹಾಲು, ಅದೇ ಸೊಪ್ಪು, ಅದೇ ಸಕ್ಕರೆ. ಅದೇ ಆರು ಜನ. ಹತ್ತು ನಿಮಿಷದಲ್ಲಿ ಬದಲಾದದ್ದು ಒಂದೇ, ನಮ್ಮ ಗುರುತು.

ನಾವೇನು ಮಾಡಿದೆವು? ಕುಡಿದೆವು. ಗೋಡೆಗೆ ಅಂಟಿಸಿದ್ದ ಕ್ಯೂಆರ್ ಕೋಡಿಗೆ ಫೋನು ಹಿಡಿದು ದುಡ್ಡು ಕಟ್ಟಿದೆವು. ಹೊರಟೆವು. ಬಾಬಾಸಾಹೇಬರ ಜಯಂತಿಗೆ ಗಂಟಲು ಹರಿಯುವ ಹಾಗೆ ಕೂಗುವ ಐದು ಜನರಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ. ದಾರಿಯಲ್ಲಿ ನಮ್ಮ ಗೆಳೆಯ ಅಂದದ್ದು ಇಷ್ಟು: "ನನಗೆ ಅಭ್ಯಾಸ ಆಗಿದೆ ಕಣ್ರೋ. ನಿಮ್ಮನ್ನ ಇಲ್ಲಿಗೆ ಕರ್ಕೊಂಡು ಬರಬಾರದಾಗಿತ್ತು." ಅವಮಾನ ಆದದ್ದು ಅವನಿಗೆ, ಕ್ಷಮೆ ಕೇಳಿದವನೂ ಅವನೇ. ಇದು ನನಗೆ ಇವತ್ತಿಗೂ ಅರಗಿಲ್ಲ. ಹೋಟೆಲಿನ ಹೆಸರು, ಊರಿನ ಹೆಸರು ಇಲ್ಲಿ ಬರೆಯೋದಿಲ್ಲ. ಬರೆದರೆ ಅದೊಂದೇ ಊರಿನ ಕತೆ ಅಂದುಕೊಂಡು ಓದುವವರು ನಿಟ್ಟುಸಿರು ಬಿಟ್ಟಾರು.

ಗೆಳೆಯರೇ, ನಾನು ಹೇಳಬೇಕಾದ ಮಾತು ಒಂದೇ. ಟೂರಿನಲ್ಲಿ ನಮಗೆ ಸಿಗುವ ಮರ್ಯಾದೆ ನಮ್ಮದಲ್ಲ. ಅದು ಗುರುತಿಲ್ಲದವನಿಗೆ ಸಿಗುವ ಮರ್ಯಾದೆ. ಇಸ್ತ್ರಿ ಮಾಡಿದ ಅಂಗಿಗೆ, ಕೈಯಲ್ಲಿನ ಫೋನಿಗೆ, ಕಾಲೇಜಿನ ಬ್ಯಾಗಿಗೆ ಸಿಗುವ ಮರ್ಯಾದೆ. ನಮ್ಮ ಅಪ್ಪನ ಹೆಸರು, ಕೇರಿಯ ಹೆಸರು ಗೊತ್ತಾದ ಕ್ಷಣ ಅದನ್ನು ವಾಪಸು ಕಿತ್ತುಕೊಳ್ಳುತ್ತಾರೆ. ನೂರು ಮೈಲಿ ಆಚೆ ಗಾಜಿನ ಲೋಟದಲ್ಲಿ ಕುಡಿದು ಬಂದು ಜಾತಿ ಹೋಯ್ತು ಅನ್ನುವವನು, ನಮ್ಮೂರ ಹೋಟೆಲಿನಲ್ಲಿ ಒಂದು ಟೀ ಕುಡಿದು ಆಮೇಲೆ ಆ ಮಾತು ಹೇಳಲಿ.

ಇದು ಹೊಸ ಸಂಗತಿಯೂ ಅಲ್ಲ. ಪ್ರಯಾಣದಲ್ಲಿ ಉಣ್ಣೋದು, ತಂಗೋದು ನಮ್ಮ ಜನಕ್ಕೆ ಏನಾಗಿತ್ತು ಅನ್ನೋದನ್ನು ಬಾಬಾಸಾಹೇಬರೇ 'ವೇಟಿಂಗ್ ಫಾರ್ ಎ ವೀಸಾ' ಅನ್ನುವ ಬರಹದಲ್ಲಿ ಹೇಳಿದ್ದಾರೆ. 1901ರಲ್ಲಿ ಅವರು ಇನ್ನೂ ಹುಡುಗ. ಅಣ್ಣನ ಜೊತೆ, ಅಕ್ಕನ ಮಗನ ಜೊತೆ ಸತಾರಾದಿಂದ ಅಪ್ಪನನ್ನು ನೋಡಲು ಬೇಸಿಗೆ ರಜದಲ್ಲಿ ಹೊರಟರು. ಹೊಸ ಅಂಗಿ, ಜರಿ ಟೋಪಿ. ಸ್ಟೇಷನ್ ಮಾಸ್ತರು ಒಳ್ಳೆಯ ಮನೆ ಮಕ್ಕಳು ಅಂದುಕೊಂಡು ಪ್ರೀತಿಯಿಂದಲೇ ಮಾತಾಡಿಸಿದರು. ಮಹಾರ್ ಅಂತ ಗೊತ್ತಾದ ಕೂಡಲೇ ಮುಖ ಬದಲಾಯಿತು. ಎರಡರಷ್ಟು ಬಾಡಿಗೆ ಕೊಡುತ್ತೇವೆ ಅಂದ ಮೇಲೆ ಒಬ್ಬ ಗಾಡಿಯವನು ಒಪ್ಪಿದ. ಅದೂ ಹುಡುಗರೇ ಗಾಡಿ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ಬುಟ್ಟಿ ತುಂಬ ಊಟ ಇತ್ತು. ಕುಡಿಯಲು ನೀರು ಕೊಡುವವರು ದಾರಿಯುದ್ದಕ್ಕೂ ಸಿಗಲಿಲ್ಲ. ಇಡೀ ರಾತ್ರಿ ಅನ್ನ ಎದುರಿಗಿಟ್ಟುಕೊಂಡು ಹಸಿದು ಮಲಗಿದರು.

ಅದೇ ಹುಡುಗ ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದರು. ಆಗ ತಂಗಲು ಜಾಗ ಇಲ್ಲ. ಒಂದು ಪಾರ್ಸಿ ತಂಗುಮನೆಯಲ್ಲಿ ಪಾರ್ಸಿ ಹೆಸರು ಬರೆಸಿ ಇದ್ದರು. ಹನ್ನೊಂದನೆಯ ದಿನ ಕೋಲು ಹಿಡಿದ ಹತ್ತು ಹನ್ನೆರಡು ಜನ ಮೆಟ್ಟಿಲು ಹತ್ತಿ ಬಂದು ನೀನು ಯಾರು ಅಂತ ಕೇಳಿದರು. ಸಾಯಂಕಾಲದೊಳಗೆ ಖಾಲಿ ಮಾಡಬೇಕಾಯಿತು. ಸಾರ್ವಜನಿಕ ತೋಟದಲ್ಲಿ ಕೂತು ಹೊತ್ತು ಕಳೆದರು.

ಇನ್ನೊಂದು ಸಂಗತಿ ನಮ್ಮ ಟೂರಿಗೆ ಇನ್ನೂ ಹತ್ತಿರದ್ದು. 1934ರಲ್ಲಿ ಚಳವಳಿಯ ಮೂವತ್ತು ಜನ ಸಂಗಾತಿಗಳು ಬಾಬಾಸಾಹೇಬರ ಜೊತೆ ವೇರುಳದ ಗವಿಗಳನ್ನು ನೋಡಲು ಬಸ್ಸು ಮಾಡಿಕೊಂಡು ಹೊರಟರು. ಆಗ ಅವರು ಬಾಂಬೆ ಶಾಸನ ಸಭೆಯಲ್ಲಿ ಕೂತವರು, ದುಂಡುಮೇಜಿನ ಪರಿಷತ್ತಿಗೆ ಹೋಗಿ ಬಂದವರು. ಆದರೂ ದಾರಿಯಲ್ಲಿ ಗುರುತು ಹೇಳದೆಯೇ ಹೋಗೋಣ ಅಂತ ಮೊದಲೇ ತೀರ್ಮಾನ ಮಾಡಿಕೊಂಡಿದ್ದರು. ದೌಲತಾಬಾದಿನಲ್ಲಿ ಅಲ್ಲಿನ ನಮ್ಮ ಜನ ಟೀ ತಿಂಡಿ ಸಿದ್ಧ ಮಾಡಿ ಕಾದಿದ್ದರು. ಕತ್ತಲಾಗುವ ಮುಂಚೆ ಕೋಟೆ ನೋಡಿಬಿಡೋಣ ಅಂತ ಇವರು ಟೀ ಬಿಟ್ಟು ನಡೆದರು. ಕೋಟೆ ಬಾಗಿಲ ಹತ್ತಿರದ ಕೊಳದಲ್ಲಿ ದಾರಿಯ ಧೂಳು ಹೋಗಲಿ ಅಂತ ಕೈಕಾಲು ಮುಖ ತೊಳೆದರು. ಅಷ್ಟಕ್ಕೆ ಒಬ್ಬ ಬಿಳಿಗಡ್ಡದ ಮುದುಕ ಕೊಳ ಮೈಲಿಗೆ ಮಾಡಿದಿರಿ ಅಂತ ಕೂಗುತ್ತ ಓಡಿಬಂದ, ಜನ ಸೇರಿದರು. ಕೊನೆಗೆ, ಒಳಗೆ ಎಲ್ಲೂ ನೀರು ಮುಟ್ಟದ ಹಾಗೆ ನೋಡಿಕೊಳ್ಳಲು ಬಂದೂಕಿನ ಸಿಪಾಯಿಯನ್ನು ಬೆನ್ನಿಗೆ ಕಟ್ಟಿ ಕೋಟೆ ತೋರಿಸಿದರು.

ಗುರುತು ಮುಚ್ಚಿದರೆ ಸಾರ್, ಗುರುತು ಸಿಕ್ಕರೆ ಏನ್ಲಾ. 1901ರಲ್ಲೂ ಇದೇ ಲೆಕ್ಕ, 1934ರಲ್ಲೂ ಇದೇ ಲೆಕ್ಕ, ಹೋದ ದಸರಾ ರಜದಲ್ಲೂ ಇದೇ ಲೆಕ್ಕ.

ಹೋಟೆಲು ಅನ್ನೋದು ದೇವಸ್ಥಾನ ಅಲ್ಲ. ಯಾರ ಮನೆಯ ನಡುಮನೆಯೂ ಅಲ್ಲ. ಅದು ಅಂಗಡಿ. ದುಡ್ಡು ಕೊಟ್ಟವನಿಗೆ ಅನ್ನ ಕೊಡುವ ಜಾಗ. ಜಾತಿ ಕೇಳದೆ ಉಣ್ಣಬಹುದಾದ ಮೊದಲ ಜಾಗ ನಿಜವಾಗಿ ಹೋಟೆಲೇ ಆಗಬೇಕಾಗಿತ್ತು. ಆದರೆ ಈ ದೇಶದಲ್ಲಿ ಹೋಟೆಲು ಶುರುವಾದದ್ದೇ ಜಾತಿಯ ಬೋರ್ಡು ತಗುಲಿಸಿಕೊಂಡು. ಇವತ್ತು ಮಾವಳ್ಳಿ ಟಿಫಿನ್ ರೂಮ್ಸ್ ಅಂತ ಹೆಸರಾಗಿರುವ ಬೆಂಗಳೂರಿನ ಹೋಟೆಲು 1924ರಲ್ಲಿ ಬಾಗಿಲು ತೆರೆದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್ಬು. ಮದರಾಸಿನಲ್ಲಿ ಹೋಟೆಲಿನ ಬೋರ್ಡಿನಿಂದ 'ಬ್ರಾಹ್ಮಣ' ಅನ್ನುವ ಪದ ತೆಗೆಸಲು ಪೆರಿಯಾರ್ 1957ರಲ್ಲಿ ಚಳವಳಿಯನ್ನೇ ಹೂಡಬೇಕಾಯಿತು. ಸಂವಿಧಾನ ಬಂದು ಏಳು ವರ್ಷ ಆಗಿತ್ತು ಆಗ. ಬೋರ್ಡಿನಲ್ಲಿ ಜಾತಿ ಬರೆಯೋದು ರುಚಿ ತಿಳಿಸೋದಕ್ಕೆ ಅಂತಾರೆ. ಮುದ್ದೆಗೆ ಸಾರಿಗೆ ಜಾತಿ ಇಲ್ಲ. ಅದನ್ನು ಮಾಡಿದ ಕೈ ಯಾರದು, ಪಕ್ಕದಲ್ಲಿ ಕೂತವನು ಯಾರು ಅಂತ ಗಿರಾಕಿಗೆ ಧೈರ್ಯ ಹೇಳೋದೇ ಆ ಬೋರ್ಡಿನ ಕೆಲಸ.

ಹಳ್ಳಿ ಹೋಟೆಲಿನಲ್ಲಿ ಬೋರ್ಡು ಬೇಕಾಗಿರಲಿಲ್ಲ. ಎಲ್ಲರಿಗೂ ಎಲ್ಲರ ಗುರುತಿತ್ತು. ನಮ್ಮ ತಾತಂದಿರನ್ನು ಕೇಳಿ ನೋಡಿ. ಹೊರಗೆ ಮರದ ಕೆಳಗೆ ಕುಕ್ಕರಗಾಲಿನಲ್ಲಿ ಕೂರೋದು, ಮೇಲಿನಿಂದ ಸುರಿದದ್ದನ್ನು ಚಿಪ್ಪಿನಲ್ಲಿ ಹಿಡಿದು ಕುಡಿಯೋದು. ಆಮೇಲೆ ಚಿಪ್ಪು ಹೋಗಿ ಲೋಟ ಬಂತು, ಆದರೆ ಆ ಲೋಟ ಸೂರಿನ ಸಂದಿಯಲ್ಲಿ ಬೇರೆ ಸಿಕ್ಕಿಸಿರುತ್ತಿತ್ತು. ತಾವೇ ತೆಗೆದುಕೊಳ್ಳಬೇಕು, ಕುಡಿದು ತಾವೇ ತೊಳೆದು ಮತ್ತೆ ಅಲ್ಲೇ ಸಿಕ್ಕಿಸಬೇಕು. ಕೊಟ್ಟ ಕಾಸಿಗೆ ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದರು. ಕಾಸಿನ ಮೈಲಿಗೆ ನೀರಿಗೆ ಹೋಗುತ್ತಿತ್ತು, ಮನುಷ್ಯನ ಮೈಲಿಗೆ ಮಾತ್ರ ಹೋಗುತ್ತಿರಲಿಲ್ಲ.

ಈಗ ನೋಡಿ, ಎಷ್ಟು ನಯವಾಗಿದೆ. ಸೂರಿನ ಸಂದಿಯ ಲೋಟ ಇಲ್ಲ, ಪೇಪರ್ ಲೋಟ ಇದೆ. ತೊಳೆಯುವ ತಂಟೆಯೂ ಇಲ್ಲ, ಎಸೆದರೆ ಮುಗೀತು. ಕಾಸಿಗೆ ನೀರು ಚಿಮುಕಿಸುವ ಹಾಗಿಲ್ಲ, ಗೋಡೆಯ ಕ್ಯೂಆರ್ ಕೋಡಿಗೆ ಫೋನು ತೋರಿಸಿದರೆ ನಮ್ಮ ದುಡ್ಡು ಮುಟ್ಟದೆಯೇ ಅವರ ಪೆಟ್ಟಿಗೆ ಸೇರುತ್ತೆ. ಮರದ ಕೆಳಗೆ ಕೂರು ಅನ್ನುವುದಿಲ್ಲ, "ಪಾರ್ಸಲ್ ತಗೊಂಡು ಹೋಗಪ್ಪ" ಅಂತಾರೆ. ಪೊಲೀಸಿನವರು ಬಂದು ಹುಡುಕಿದರೂ ಎರಡು ಥರದ ಲೋಟ ಸಿಗೋದಿಲ್ಲ. ಸಾಕ್ಷಿಯನ್ನು ನಾವೇ ಕುಡಿದು ಬೀದಿಗೆ ಎಸೆದಿರುತ್ತೇವೆ.

"ಪೇಪರ್ ಲೋಟ ಶುಚಿ ಅಲ್ವೇನಪ್ಪ, ಅದರಲ್ಲೇನು ತಪ್ಪು" ಅಂತ ಕೇಳುವವರಿದ್ದಾರೆ. ಶುಚಿಯೇ ಆದರೆ ಎಲ್ಲರಿಗೂ ಕೊಡಲಿ. ಅಥವಾ ಎಲ್ಲರಿಗೂ ಗಾಜಿನದೇ ಕೊಡಲಿ. ಲೋಟ ಯಾವುದಾದರೂ ಆಗಲಿ, ನಮ್ಮ ತಕರಾರು ಅದಕ್ಕಲ್ಲ. ಮುಖ ನೋಡಿ ಲೋಟ ಆರಿಸುತ್ತಾರಲ್ಲ, ತಕರಾರು ಅದಕ್ಕೆ.

"ಕೂಲಿ ಇಲ್ಲ, ಭೂಮಿ ಇಲ್ಲ, ಓದಿದವರಿಗೆ ಕೆಲಸ ಇಲ್ಲ, ನಿಮಗೆ ಹೋಟೆಲಿನ ಟೀ ದೊಡ್ಡದಾಯ್ತಾ" ಅಂತ ಕೇಳುವವರು ನಮ್ಮಲ್ಲೇ ಇದ್ದಾರೆ. ಅವರ ಸಿಟ್ಟು ನನಗೆ ಅರ್ಥ ಆಗುತ್ತೆ. ಆದರೆ ನಮ್ಮ ಗೆಳೆಯನ ಅಪ್ಪ ಕೂಲಿ ಮಾಡೋದು ಆ ಹೋಟೆಲಿನವರ ತೋಟದಲ್ಲೇ ಅನ್ನೋದನ್ನು ಮರೆಯಬೇಡಿ. ಲೋಟ ಬೇರೆ ಇಡುವವನೇ ಕೂಲಿಯನ್ನೂ ಗೊತ್ತು ಮಾಡುತ್ತಾನೆ. ನನಗೂ ಗಾಜಿನ ಲೋಟ ಕೊಡಿ ಅನ್ನಲು ಬಾಯಿ ಬರದವನಿಗೆ ಕೂಲಿ ಹೆಚ್ಚು ಮಾಡಿ ಅನ್ನಲು ಎಲ್ಲಿಂದ ಬಾಯಿ ಬರುತ್ತೆ? ಎರಡೂ ಒಂದೇ ಜಗಳ.

"ಅವರ ಹೋಟೆಲಿಗೆ ಯಾಕೆ ಹೋಗ್ತೀರಿ, ನಾವೇ ಹೋಟೆಲು ಇಡೋಣ" ಅನ್ನೋದು ಇನ್ನೊಂದು ಮಾತು. ಇಡೋಣ, ಖಂಡಿತ ಇಡೋಣ. ಆದರೆ ಆ ಹೋಬಳಿಯಲ್ಲಿ ನಮ್ಮವನು ಬೋರ್ಡು ಹಾಕಿ ಇಡ್ಲಿ ಬೇಯಿಸಿದರೆ ಎಷ್ಟು ಜನ ಬಂದು ತಿನ್ನುತ್ತಾರೆ? ಅದೇ ನಮ್ಮ ಹುಡುಗ ಜಾತಿ ಮುಚ್ಚಿಟ್ಟುಕೊಂಡು ಪೇಟೆಯ ಹೋಟೆಲಿನ ಹಿಂದುಗಡೆ ತಟ್ಟೆ ತೊಳೆಯುತ್ತಾನೆ, ಹಿಟ್ಟು ರುಬ್ಬುತ್ತಾನೆ, ತರಕಾರಿ ಹೆಚ್ಚುತ್ತಾನೆ. ಪತ್ರಿಕೆಯಲ್ಲಿ ಹಾಡಿ ಹೊಗಳುವ ರುಚಿಯಲ್ಲಿ ಅವನ ಬೆವರೂ ಇದೆ. ನಮ್ಮ ಕೈಯ ಅಡುಗೆ ತಿನ್ನಬಹುದು, ನಮ್ಮ ಕೈಯ ಲೋಟ ಮುಟ್ಟಬಾರದು. ಗೊತ್ತಿಲ್ಲದಿದ್ದರೆ ಮೈಲಿಗೆ ಇಲ್ಲ!

ಒಂದು ಕಹಿ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮಾದಿಗರ ಮನೆಯಲ್ಲಿ ಉಣ್ಣದ ಹೊಲೆಯರು ನಮ್ಮಲ್ಲಿ ಇನ್ನೂ ಇದ್ದಾರೆ. ನಮಗಿಂತ ಕೆಳಗೆ ಅಂತ ಇನ್ನೊಬ್ಬರನ್ನು ಹುಡುಕಿಕೊಂಡು ಬೇರೆ ಪಂಕ್ತಿ ಮಾಡುವವರು ಇದ್ದಾರೆ. ಹಾಸ್ಟೆಲಿನಲ್ಲೇ ಯಾರ ತಟ್ಟೆ ಯಾರು ಮುಟ್ಟಿದರು ಅಂತ ಮುಖ ಸಿಂಡರಿಸುವವರನ್ನು ನಾನು ಕಂಡಿದ್ದೇನೆ. ಹೋಟೆಲಿನವನನ್ನು ಕೇಳುವ ಮೊದಲು ನಮ್ಮ ಹಾಸ್ಟೆಲಿನ ಸಾಲಿನಲ್ಲಿ ಒಬ್ಬರ ತಟ್ಟೆಯಿಂದ ಇನ್ನೊಬ್ಬರು ತಿನ್ನೋಣ. ಅಷ್ಟೂ ಮಾಡದವನ ಬಾಯಲ್ಲಿ ಜೈ ಭೀಮ್ ಬರಬಾರದು.

ಈಗ ಕಾನೂನು ಏನು ಹೇಳುತ್ತೆ ಅಂತ ತಿಳಿದುಕೊಳ್ಳಿ. ಸಂವಿಧಾನದ 15ನೇ ವಿಧಿಯ ಎರಡನೇ ಉಪವಿಧಿಯಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳ ಹೆಸರು ಹಿಡಿದೇ ಬರೆದಿದ್ದಾರೆ. ಜಾತಿಯ ಕಾರಣಕ್ಕೆ ಅಲ್ಲಿಗೆ ಹೋಗದ ಹಾಗೆ ಯಾರನ್ನೂ ತಡೆಯುವ ಹಾಗಿಲ್ಲ. 17ನೇ ವಿಧಿ ಅಸ್ಪೃಶ್ಯತೆಯನ್ನೇ ತೊಡೆದುಹಾಕಿದೆ. 1955ರಲ್ಲಿ ಬಂದ ಅಸ್ಪೃಶ್ಯತೆ ಅಪರಾಧಗಳ ಕಾಯಿದೆಯನ್ನು 1976ರಲ್ಲಿ ಬಿಗಿ ಮಾಡಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಅಂತ ಹೆಸರಿಟ್ಟರು. ಅದರ 4ನೇ ಕಲಮಿನಲ್ಲಿ ಹೋಟೆಲಿಗೆ ಹೋಗುವ ಹಕ್ಕು ಮಾತ್ರ ಅಲ್ಲ, ಅಲ್ಲಿ ಜನರ ಬಳಕೆಗೆ ಇಟ್ಟಿರುವ ಪಾತ್ರೆ ಪಡಗ ಬಳಸುವ ಹಕ್ಕೂ ಇದೆ. ಲೋಟವೂ ಕಾನೂನಿನೊಳಗೆ ಬಂತು ಅಂತಾಯಿತು. ಶಿಕ್ಷೆ ಒಂದು ತಿಂಗಳಿಂದ ಆರು ತಿಂಗಳು ಜೈಲು, ಜೊತೆಗೆ ದಂಡ. ತಡೆ ಮಾಡಿಸಿಕೊಂಡವನು ಪರಿಶಿಷ್ಟ ಜಾತಿಯವನಾಗಿದ್ದರೆ, ತಡೆದದ್ದು ಅಸ್ಪೃಶ್ಯತೆಯ ಕಾರಣಕ್ಕೇ ಅಂತ ನ್ಯಾಯಾಲಯ ಮೊದಲೇ ಭಾವಿಸಬೇಕು, ಅಲ್ಲ ಅಂತ ತೋರಿಸುವ ಹೊಣೆ ಆರೋಪಿಯದು ಅನ್ನುವ 12ನೇ ಕಲಮು ಕೂಡ ಇದೆ. 1989ರ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಿದ್ದುಪಡಿ ಮಾಡಿದಾಗ ಸಾರ್ವಜನಿಕ ಜಾಗದ ಪಾತ್ರೆ ಬಳಸಲು ಅಡ್ಡಿ ಮಾಡೋದನ್ನು ಅದರೊಳಗೂ ಸೇರಿಸಿದರು. ಆ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಲ್ಲಿದೆ. ಅದರ ಶಿಕ್ಷೆ ಆರು ತಿಂಗಳಿಂದ ಐದು ವರ್ಷ.

ಕಾನೂನು ಇಷ್ಟು ಗಟ್ಟಿ ಇದೆ. ಹಾಗಾದರೆ ನಾಳೆಯೇ ಹೋಗಿ ಬೆಂಚಿನ ಮೇಲೆ ಕೂತು ಗಲಾಟೆ ಮಾಡಿ ಬರೋಣ ಅನ್ನುವ ಬಿಸಿರಕ್ತದವರಿಗೆ ಒಂದು ಊರಿನ ಹೆಸರು ಹೇಳುತ್ತೇನೆ. ಮರಕುಂಬಿ. ಕೊಪ್ಪಳ ಜಿಲ್ಲೆ, ಗಂಗಾವತಿ ತಾಲ್ಲೂಕು. ಅಲ್ಲಿನ ಹೋಟೆಲಿಗೆ, ಕ್ಷೌರದ ಅಂಗಡಿಗೆ ನಮ್ಮ ಜನರನ್ನು ಸೇರಿಸುತ್ತಿರಲಿಲ್ಲ ಅನ್ನೋದು ಬಹಳ ದಿನದಿಂದ ಹೊಗೆಯಾಡುತ್ತಿದ್ದ ತಕರಾರು. 2014ರ ಆಗಸ್ಟ್ 28ರಂದು ದಲಿತರ ಕೇರಿಯ ಮೇಲೆ ಬಿದ್ದು ಹೊಡೆದರು, ಗುಡಿಸಲುಗಳಿಗೆ ಬೆಂಕಿ ಇಟ್ಟರು. ಹತ್ತು ವರ್ಷ ಕೇಸು ನಡೆಯಿತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಸೆಷನ್ಸ್ ನ್ಯಾಯಾಲಯ 98 ಜನರಿಗೆ ಜೀವಾವಧಿ, 3 ಜನರಿಗೆ ಐದು ವರ್ಷದ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಅವರಲ್ಲಿ ಬಹುತೇಕ ಜನರಿಗೆ ಹೈಕೋರ್ಟಿನಲ್ಲಿ ಜಾಮೀನು ಸಿಕ್ಕಿತು. ನ್ಯಾಯ ಬರೋದಿಲ್ಲ ಅಂತ ನಾನು ಹೇಳುತ್ತಿಲ್ಲ. ಬಂತು. ಆದರೆ ಸುಟ್ಟ ಸೂರಿನ ಕೆಳಗೆ ಹತ್ತು ವರ್ಷ ಕಾದವರು ಅಲ್ಲಿನ ಜನ, ನಮ್ಮಂಥ ಹಾಸ್ಟೆಲಿನ ಹುಡುಗರಲ್ಲ.

ನಾವು ಐದು ಜನ ಅವತ್ತು ಬಾಯಿ ಬಿಡದೆ ಬಂದದ್ದು ಹೇಡಿತನ, ಒಪ್ಪುತ್ತೇನೆ. ಆದರೆ ಬಾಯಿ ಬಿಟ್ಟು, ಜಗಳ ಮಾಡಿ, ಸಂಜೆ ಬಸ್ಸಿಗೆ ಹತ್ತಿ ಬಂದಿದ್ದರೆ? ಮಾರನೇ ದಿನ ತೋಟಕ್ಕೆ ಹೋಗಬೇಕಾಗಿದ್ದವನು ನಮ್ಮ ಗೆಳೆಯನ ಅಪ್ಪ. ಟೂರಿನವನ ಧೈರ್ಯಕ್ಕೆ ಊರಿನವನು ಬೆಲೆ ಕೊಡಬೇಕಾಗುತ್ತೆ. ಅದಕ್ಕೇ ಈ ಕೆಲಸ ಟೂರಿನವರ ಕೆಲಸ ಅಲ್ಲ. ಊರಿನವರು ಒಪ್ಪಿ, ಊರಿನವರು ಮುಂದಾಗಿ, ನಾವು ಬೆನ್ನಿಗೆ ನಿಂತು ಮಾಡಬೇಕಾದ ಕೆಲಸ.

ಹೇಗೆ ಮಾಡೋದು? ಅಮೆರಿಕಾದ ಕರಿಯರ ಕಡೆ ಸ್ವಲ್ಪ ನೋಡೋಣ. ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ ವಿಕ್ಟರ್ ಗ್ರೀನ್ ಅನ್ನುವ ಅಂಚೆಯವನಿದ್ದ. ಕರಿಯರು ರಜದಲ್ಲಿ ಕಾರು ಮಾಡಿಕೊಂಡು ಹೊರಟರೆ ಯಾವ ಊರಿನಲ್ಲಿ ಯಾವ ಹೋಟೆಲು ಅನ್ನ ಕೊಡುತ್ತೆ, ಯಾವ ತಂಗುಮನೆ ಜಾಗ ಕೊಡುತ್ತೆ ಅಂತ 1936ರಿಂದ ಪುಸ್ತಕ ಅಚ್ಚು ಮಾಡಿಸಿದ. ಗ್ರೀನ್ ಬುಕ್ ಅಂತ ಅದರ ಹೆಸರು. ಮೂವತ್ತು ವರ್ಷ ನಡೆಯಿತು. ಈ ಪುಸ್ತಕ ಬೇಕಿಲ್ಲದ ದಿನ ಬರಬೇಕು ಅನ್ನೋದು ಅವನ ಆಸೆಯಾಗಿತ್ತು.

1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋ ಅನ್ನುವ ಊರಿನಲ್ಲಿ ನಾಲ್ಕು ಜನ ಕರಿಯ ಹುಡುಗರು, ಕಾಲೇಜಿನ ಮೊದಲ ವರ್ಷದವರು, ವುಲ್‌ವರ್ತ್ ಅನ್ನುವ ದೊಡ್ಡ ಅಂಗಡಿಗೆ ಹೋದರು. ಹಿಂದಿನ ರಾತ್ರಿ ಹಾಸ್ಟೆಲಿನ ರೂಮಿನಲ್ಲಿ ಕೂತು ಮಾತಾಡಿ ತೀರ್ಮಾನ ಮಾಡಿದ್ದರು. ಮೊದಲು ಅಂಗಡಿಯಲ್ಲಿ ಸಣ್ಣಪುಟ್ಟ ಸಾಮಾನು ಕೊಂಡು ರಸೀದಿ ಇಟ್ಟುಕೊಂಡರು. ಆಮೇಲೆ ಅದೇ ಅಂಗಡಿಯ ತಿಂಡಿ ಕಟ್ಟೆಯಲ್ಲಿ ಬಿಳಿಯರ ಕುರ್ಚಿಯ ಮೇಲೆ ಕೂತು ಕಾಫಿ ಕೇಳಿದರು. ಕೊಡಲಿಲ್ಲ. ಬಾಗಿಲು ಹಾಕುವವರೆಗೂ ಎದ್ದು ಹೋಗಲಿಲ್ಲ. ಮಾರನೇ ದಿನ ಇನ್ನಷ್ಟು ಹುಡುಗರು ಬಂದರು, ವಾರದೊಳಗೆ ನೂರಾರು ಜನ ಆದರು. ಕೈ ಎತ್ತಲಿಲ್ಲ, ಪುಸ್ತಕ ಓದುತ್ತ ಕೂತರು. ಜುಲೈ 25ರಂದು ಆ ಕಟ್ಟೆ ಎಲ್ಲರಿಗೂ ತೆರೆಯಿತು. ಅವತ್ತು ಅಲ್ಲಿ ಕೂತು ಮೊದಲು ಉಂಡವರು ಯಾರು ಗೊತ್ತಾ? ಅದೇ ಅಂಗಡಿಯಲ್ಲಿ ದುಡಿಯುತ್ತಿದ್ದ ಕರಿಯ ಕೆಲಸಗಾರರು. ನಾಲ್ಕು ವರ್ಷದ ಮೇಲೆ, 1964ರಲ್ಲಿ, ಇಡೀ ದೇಶಕ್ಕೆ ಕಾನೂನು ಬಂತು. ಅವರಿಗೆ ಮೊದಲು ಹುಡುಗರು ಕೂತರು, ಆಮೇಲೆ ಕಾನೂನು ಬಂತು. ನಮಗೆ ಕಾನೂನು ಮೊದಲೇ ಬಂದಿದೆ, ಕೂರುವ ಕೆಲಸ ಬಾಕಿ ಇದೆ.

ಗ್ರೀನ್ ಬುಕ್ಕಿನಂಥ ಪುಸ್ತಕ ನಮ್ಮ ಪ್ರತಿಯೊಬ್ಬರ ತಲೆಯಲ್ಲೂ ಇದೆ. ಯಾವ ಹೋಟೆಲಿಗೆ ಹೋಗಬಹುದು, ಯಾವುದಕ್ಕೆ ಹೋಗಬಾರದು ಅಂತ ಅವ್ವ ಅಪ್ಪ ಹೇಳಿಕೊಟ್ಟಿರುತ್ತಾರೆ. ಅದನ್ನು ತಲೆಯಿಂದ ಕಾಗದಕ್ಕೆ ಇಳಿಸೋಣ. ಪ್ರತಿ ಹಾಸ್ಟೆಲಿನಲ್ಲಿ ಒಂದು ನೋಟ್‌ಬುಕ್ಕು ಇಡೋಣ. ಈ ರಜದಲ್ಲಿ ಊರಿಗೆ ಹೋಗುವವರು, ಟೂರಿಗೆ ಹೋಗುವವರು ತಾವು ಉಂಡ, ಕುಡಿದ ಪ್ರತಿ ಹೋಟೆಲಿನ ಬಗ್ಗೆ ನಾಲ್ಕು ಸಾಲು ಬರೆಯಲಿ.

ಒಂದು, ಎಲ್ಲಿ ಕೂರಿಸಿದರು.
ಎರಡು, ಯಾವ ಲೋಟ, ಯಾವ ತಟ್ಟೆ. ಪಕ್ಕದವನಿಗೆ ಯಾವುದು.
ಮೂರು, ತೊಳೆದವರು ಯಾರು.
ನಾಲ್ಕು, ನಮ್ಮ ಗುರುತು ಅವರಿಗೆ ಗೊತ್ತಿತ್ತೋ ಇಲ್ಲವೋ.

ಈ ನಾಲ್ಕನೆಯದು ಬಹಳ ಮುಖ್ಯ. ಗುರುತಿಲ್ಲದ ಊರಲ್ಲಿ ಸಿಕ್ಕ ಗಾಜಿನ ಲೋಟವನ್ನು ಲೆಕ್ಕಕ್ಕೆ ತಗೋಬೇಡಿ. ಹುಡುಗಿಯರೂ ಬರೆಯಬೇಕು. 2023ರ ಜೂನಿನಿಂದ ನಮ್ಮ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೀಟಿನ ದುಡ್ಡು ಕೊಡಬೇಕಾಗಿಲ್ಲ. ಅವ್ವಂದಿರು, ಅಕ್ಕತಂಗಿಯರು ಮೊದಲಿಗಿಂತ ಹೆಚ್ಚು ಓಡಾಡುತ್ತಿದ್ದಾರೆ. ಬಸ್ಸಿಳಿದ ಮೇಲೆ ಅವರಿಗೆ ಹೋಟೆಲಿನಲ್ಲಿ ಯಾವ ಜಾಗ ಅನ್ನೋದು ನಮಗೆ ಗಂಡಸರಿಗೆ ಗೊತ್ತೇ ಇಲ್ಲ.

ನೋಟ್‌ಬುಕ್ಕು ತುಂಬಿದ ಮೇಲೆ ಎಲ್ಲಿ ಲೋಟ ಬೇರೆ ಇದೆಯೋ ಆ ಊರಿನ ಕೇರಿಗೆ ಹೋಗೋಣ. ಹಿರಿಯರ ಜೊತೆ ಕೂರೋಣ. ಅವರು ಬೇಡ ಅಂದರೆ ಕಾಯೋಣ, ಮತ್ತೆ ಹೋಗೋಣ. ಹೂಂ ಅಂದ ದಿನ ಅವರನ್ನು ಮುಂದೆ ಬಿಟ್ಟು, ಹತ್ತು ಜನ ಅಲ್ಲ, ನೂರು ಜನ ಹೋಗೋಣ. ಮೊದಲೇ ತಹಶೀಲ್ದಾರರಿಗೆ, ಪೊಲೀಸ್ ಠಾಣೆಗೆ ಕಾಗದ ಕೊಟ್ಟು ಹೋಗೋಣ. ಕೈ ಎತ್ತೋದು ಬೇಡ, ಬೈಯೋದು ಬೇಡ. ಬೆಂಚಿನ ಮೇಲೆ ಕೂತು, ಎಲ್ಲರಿಗೂ ಕೊಡುವ ಲೋಟದಲ್ಲಿ ಒಂದು ಟೀ ಕೊಡಿ ಅನ್ನೋಣ. ಕೊಟ್ಟರೆ ಕುಡಿದು ದುಡ್ಡು ಕೊಟ್ಟು ಬರೋಣ. ಮಾರನೇ ದಿನ ಊರಿನವರು ಒಬ್ಬರೇ ಹೋದಾಗಲೂ ಅದೇ ಲೋಟ ಸಿಕ್ಕಿತಾ ಅಂತ ವಿಚಾರಿಸೋಣ. ಆಗ ಗೆದ್ದೆವು. ಕೊಡದಿದ್ದರೆ 4ನೇ ಕಲಮು ಇದೆ, 12ನೇ ಕಲಮು ಇದೆ.

ಹಳೇಬೀಡಿನ ಗೋಡೆಯ ಆನೆ ಕುದುರೆ ಚೆನ್ನಾಗಿವೆ, ನೋಡಬೇಕಾದ್ದೇ. ದೋಸೆ ಕಾಫಿಯೂ ಚೆನ್ನಾಗಿದ್ದವು, ತಿನ್ನಬೇಕಾದ್ದೇ. ರಜದಲ್ಲಿ ತಿರುಗಾಡೋದು, ಒಳ್ಳೆಯದು ತಿನ್ನೋದು ಮೇಲಿನವರ ಸೊತ್ತಲ್ಲ, ನಮ್ಮ ಹಕ್ಕೂ ಹೌದು. ಆದರೆ ಹೆಸರು ಮುಚ್ಚಿಕೊಂಡು ತಿಂದ ಅನ್ನ ಮೈಗೆ ಹತ್ತೋದಿಲ್ಲ.

ನಮ್ಮ ಗೆಳೆಯನಿಗೆ ಮೊನ್ನೆ ಈ ಬರಹ ಓದಿ ಹೇಳಿದೆ. ಸುಮ್ಮನೆ ಕೇಳಿದ. "ಅಪ್ಪನ್ನ ಕೇಳಿ ನೋಡ್ತೀನಿ" ಅಂದ. ಅವನ ಅಪ್ಪ ಏನಂದರು ಅಂತ ಇನ್ನೂ ತಿಳಿದಿಲ್ಲ. ಅವರು ಹೂಂ ಅಂದರೆ ಈ ದಸರಾ ರಜದಲ್ಲಿ ನಾವು ಬೇಲೂರಿಗೆ ಹೋಗೋದಿಲ್ಲ. ಅದೇ ಹೋಬಳಿಯಲ್ಲಿ ಬಸ್ಸಿಳಿಯುತ್ತೇವೆ. ಅಪ್ಪ ಮುಂದೆ, ಮಗ ಅವರ ಪಕ್ಕ, ನಾವು ಹಿಂದೆ. ಯಾರ ಮಗ, ಯಾವ ಕೇರಿ, ಯಾವ ಹಾಸ್ಟೆಲು ಅಂತ ಕೇಳುವ ಮೊದಲೇ ನಾವೇ ಹೇಳುತ್ತೇವೆ. ಹೇಳಿಯೇ ಟೀ ಕೇಳುತ್ತೇವೆ.

ಜೈ ಭೀಮ್.